ಸೈಕಲ್ಲಿನ ಸೊಸೆ, ಟಂಟಂ ಮೇಲಿನ ಅತ್ತೆ

ನನ್ನ ಸೊಸೆ ಗಂಡನ ಮನೆ ಬಿಟ್ಟು ಓಡಿಹೋಗಲಿಲ್ಲ. ನಾನು ಅವಳನ್ನು ಹೊರಗೆ ಹಾಕಲೂ ಇಲ್ಲ. ಅವಳು ಸೈಕಲ್ ಮೇಲೆ ಗುಡ್ಡ ಹತ್ತಲು ಹೋದಳು, ಹತ್ತಿದಳು, ಸಂಜೆಗೆ ಮನೆಗೆ ಬಂದು ಉಂಡು ಮಲಗಿದಳು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಕುಷ್ಟಗಿಯಿಂದ ಗಜೇಂದ್ರಗಡದವರೆಗೆ ಇರುವ ಚಹಾದಂಗಡಿಗಳಲ್ಲಿ ಹುಟ್ಟಿದ್ದು. ಅಲ್ಲಿ ಹುಟ್ಟಿದ ಮಾತಿಗೆ ತಂದೆ ಯಾರೆಂದು ಗೊತ್ತಿರುವುದಿಲ್ಲ, ಆದರೆ ಎತ್ತಿ ಆಡಿಸುವವರು ಊರ ತುಂಬ ಇರುತ್ತಾರೆ. ಅತ್ತೆ ಎಂಬ ಹೆಸರು ಬಂದ ಮೇಲೆ ಹೆಂಗಸಿನ ಕಥೆ ಮುಗಿದ ಹಾಗೆಯೇ. ಸೊಸೆ ಸೊರಗಿದರೆ ಅತ್ತೆ ಹೊಟ್ಟೆಗೆ ಹಾಕುವುದಿಲ್ಲ ಅನ್ನುತ್ತಾರೆ. ದಪ್ಪಗಾದರೆ ಅತ್ತೆ ಹೊಸ್ತಿಲು ದಾಟಲು ಬಿಡುವುದಿಲ್ಲ ಅನ್ನುತ್ತಾರೆ. ನಾನು ಸೊಸೆಯಾಗಿದ್ದಾಗ ನಾನೂ ನಮ್ಮತ್ತೆಯ ಬಗ್ಗೆ ಹೀಗೇ ಹೇಳುತ್ತಿದ್ದೆ. ಆಗ ಅದು ನಿಜವೂ ಆಗಿತ್ತು, ಆ ಮಾತು ಬೇರೆ.

ಸೊಸೆಯ ಹೆಸರು ರೇಣುಕಾ. ಅವಳ ಮಗಳು ಮದುವೆಯಾಗಿ ಹೋಗಿದ್ದಾಳೆ ಎಂದರೆ ವಯಸ್ಸು ನೀವೇ ಲೆಕ್ಕ ಹಾಕಿಕೊಳ್ಳಿ. ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರ ಜಂಪರು ಹೊಲಿಯುತ್ತಾಳೆ. ಕುಳಿತು ಕುಳಿತು ಮೈ ಬಂತು, ಸೊಂಟ ಹಿಡಿಯಿತು. ತೋರಿಸಿದರೆ ಡಾಕ್ಟರು, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ, ಒಳಗೆ ಬರುವ ಮೊದಲು ನಡೆಯಲು ಶುರು ಮಾಡಿ ಅಂದರು. ನಾಲ್ಕು ದಿನ ನಡೆದಳು. ನಮ್ಮ ಊರಿನಲ್ಲಿ ನಡೆಯುವುದು ಸುಲಭವಲ್ಲ. ಒಂದೊಂದು ಕಟ್ಟೆಯ ಮೇಲೂ ಒಬ್ಬರು ಕುಳಿತು, ಎಲ್ಲಿಗೆ, ಯಾಕೆ, ಒಬ್ಬಳೇ ಯಾಕೆ ಎಂದು ಕೇಳುತ್ತಾರೆ. ಉತ್ತರ ಕೊಡುತ್ತಾ ನಿಂತದ್ದೇ ಹೆಚ್ಚು, ನಡೆದದ್ದು ಕಡಿಮೆ. ಕೊನೆಗೆ, ನನ್ನ ಮೊಮ್ಮಗಳಿಗೆ ಎಂಟನೆಯ ತರಗತಿಯಲ್ಲಿ ಸರಕಾರದವರು ಕೊಟ್ಟಿದ್ದ ಸೈಕಲ್ಲನ್ನು ಹಿತ್ತಲಿನಿಂದ ಹೊರಗೆ ತೆಗೆದಳು. ಅದರ ಬುಟ್ಟಿಯಲ್ಲಿ ಕೋಳಿ ಕಾವಿಗೆ ಕುಳಿತಿತ್ತು. ಕೋಳಿಗೆ ಬೇರೆ ಜಾಗ ನೋಡುವುದರಲ್ಲೇ ಒಂದು ದಿನ ಹೋಯಿತು.

ಸಣ್ಣವಳಿದ್ದಾಗ ಅಣ್ಣನ ಸೈಕಲ್ಲನ್ನು ಕದ್ದು ತುಳಿದಿದ್ದಳಂತೆ, ಅದೇ ಧೈರ್ಯ. ಮೊದಲನೆಯ ವಾರ ತಿಪ್ಪೆಗೆ ಹೋಗಿ ಬಿದ್ದಳು. ಎತ್ತಲು ಹೋಗಲಿಲ್ಲ ನಾನು. ತಿಪ್ಪಿ ಮೆತ್ತಗಿರತೈತಿ, ಬೀಳೂದಿದ್ರ ದಿನಾ ಅಲ್ಲೇ ಬೀಳು ಅಂದೆ. ಸೀರೆಯ ಅಂಚು ಚೈನಿಗೆ ಸಿಕ್ಕಿ ಹರಿದಾಗ, ಮೊಮ್ಮಗಳು ಬಿಟ್ಟುಹೋದ ಪ್ಯಾಂಟು ಹಾಕಿಕೋ ಅಂದವಳೂ ನಾನೇ. ಮಂದಿ ಏನಾರ ಅಂತಾರ್ರಿ ಅತ್ತಿ ಅಂದಳು. ಬಿದ್ದು ಹಲ್ಲು ಮುರಿದರೆ ಮಂದಿ ತಮ್ಮ ಹಲ್ಲು ಕೊಡುವುದಿಲ್ಲ ಅಂದೆ. ಹಾಗಾಗಿ ಕೆಳಗೆ ಮಗಳ ಪ್ಯಾಂಟು, ಮೇಲೆ ಗಂಡನ ಅಂಗಿ, ತಲೆಯ ಮೇಲೆ ಕೆಂಪು ಹೆಲ್ಮೆಟ್ಟು. ಮನೆಮಂದಿಯೆಲ್ಲ ಒಬ್ಬಳ ಮೈಮೇಲೆಯೇ ಹೊರಟ ಹಾಗೆ ಕಾಣುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲ. ಅವಳ ಹತ್ತಿರ ಜಂಪರು ಹೊಲಿಸುವ ಒಬ್ಬ ಟೀಚರು ಕೊಪ್ಪಳದ ಸೈಕಲ್ ಮಂದಿಯ ಜೊತೆ ಸೇರಿದ್ದರು. ಈ ಮಂದಿ ಭಾನುವಾರ ಬಂತೆಂದರೆ ಗಂಗಾವತಿ ಕಡೆಯ ಬಂಡೆಗಲ್ಲಿನ ಗುಡ್ಡಗಳ ದಾರಿ ಹಿಡಿದು ತುಳಿಯುತ್ತಾರೆ. ಮನೆಯಲ್ಲಿ ಕಾರು ಇಟ್ಟುಕೊಂಡು ಸೈಕಲ್ ತುಳಿಯುವವರು. ಮಳೆಗಾಲ ಮುಗಿದ ಮೇಲೆ ಅವರು ಒಂದು ದೊಡ್ಡ ಸುತ್ತು ಹಾಕುವವರಿದ್ದರು: ಕುಷ್ಟಗಿಯಿಂದ ಗಜೇಂದ್ರಗಡ, ಅಲ್ಲಿ ಕರೆಂಟು ತೆಗೆಯುವ ಗಾಳಿಯ ಪಂಕಗಳು ನಿಂತಿರುವ ಗುಡ್ಡ ಹತ್ತಿ ಇಳಿದು, ಯಲಬುರ್ಗಾ ಮೇಲಿಂದ ತಿರುಗಿ ಕುಷ್ಟಗಿ. ನಾನೂ ಹೋಗುತ್ತೇನೆ ಅಂದಳು ರೇಣುಕಾ. ಬರಿಯ ಹೋಗುವುದಲ್ಲ, ಕಾಲು ನೆಲಕ್ಕೆ ಊರದೆ ಗುಡ್ಡ ಹತ್ತಬೇಕಂತೆ. ಆ ಗುಡ್ಡದ ಮೇಲೆ ಏನಿದೆ ಎಂದು ಕೇಳಿದೆ. "ಇಳಕಲ ಐತ್ರಿ ಅತ್ತಿ," ಅಂದಳು. ಹತ್ತುವುದು ಇಳಿಯಲಿಕ್ಕಂತೆ. ಮಾತಿಗೆ ಮಾತು ಎಂದುಕೊಂಡು ನಾನು ಎದ್ದು ಹೋಗುವವಳಿದ್ದೆ. ಅವಳು ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ, "ಇಷ್ಟು ವರ್ಷ ಈ ಮಷಿನ್ ತುಳಿದೀನ್ರಿ. ಕುಂತ ಜಾಗಾ ಬಿಟ್ಟು ಒಂದು ಗೇಣು ಮುಂದ ಹೋಗಿಲ್ಲ," ಅಂದಳು. ಅವಳ ತವರೂರು ಗಜೇಂದ್ರಗಡದ ದಾರಿಯಲ್ಲೇ ಇದೆ. ಅಂಗಳದಲ್ಲಿ ನಿಂತರೆ ಆ ಗುಡ್ಡ ಕಾಣುತ್ತದೆ. ಹುಟ್ಟಿದಾಗಿನಿಂದ ನೋಡಿದ್ದಾಳೆ, ಒಮ್ಮೆಯೂ ಹತ್ತಿಲ್ಲ.

ಆದರೆ ಕುಷ್ಟಗಿಯಲ್ಲಿ ಗುಡ್ಡ ಹತ್ತುವುದನ್ನು ಕಲಿಯುವುದೆಲ್ಲಿ? ನಮ್ಮ ನೆಲ ರೊಟ್ಟಿ ಬಡಿದ ಹಾಗೆ ಸಪಾಟು. ಇರುವ ಏರು ಎಂದರೆ ಹೈವೇಯ ಮೇಲ್ಸೇತುವೆಯೊಂದೇ. ಇವಳು ನಸುಕಿನಲ್ಲಿ ಎದ್ದು ಅದನ್ನೇ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಯಾವನೋ ಲಾರಿಯವನು ಗಾಡಿ ನಿಲ್ಲಿಸಿ, ಏನು ಕಳೆದುಕೊಂಡೀರಿ ಅಕ್ಕಾರೆ ಎಂದು ಕೇಳಿದನಂತೆ. ಕ್ಯಾರಿಯರ್ ಮೇಲೆ ಭಾರ ಇಟ್ಟುಕೊಂಡು ತುಳಿದರೆ ಕಾಲು ಗಟ್ಟಿಯಾಗುತ್ತದೆ ಎಂದು ಟೀಚರು ಹೇಳಿದ್ದರಿಂದ ನಾನು ಜೋಳದ ಚೀಲ ಕಟ್ಟಿ ಗಿರಣಿಗೆ ಕಳಿಸಿದೆ. ಒಂದು ತಿಂಗಳು ನಮ್ಮ ಓಣಿಯ ಹಿಟ್ಟೆಲ್ಲ ನನ್ನ ಸೊಸೆಯ ಕಾಲಿನ ಮೇಲೆಯೇ ಬಂತು. ಹೊಟ್ಟೆಗೆ ಖರ್ಜೂರ, ಬಾಳೆಹಣ್ಣು, ಅದೇನೋ ಪುಡಿ ಕಲಸಿದ ನೀರು ಎಂದು ಅವರು ಹೇಳಿದ್ದರು. ನಾನು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೇಲೊಂದು ಅಂಟಿನುಂಡೆ ಕೊಟ್ಟೆ. ಬಾಣಂತಿಯ ಸೊಂಟ ನಿಲ್ಲಿಸುವ ಉಂಡೆ ಸೈಕಲ್ಲಿನ ಸೊಂಟ ನಿಲ್ಲಿಸುವುದಿಲ್ಲವೇ? ಮಗ ಬಸವರಾಜ ಸುಟ್ಟುಹೋದ ಪಂಪಸೆಟ್ಟಿನ ಮೋಟಾರಿಗೆ ತಂತಿ ಸುತ್ತುವವನು, ಮಾತು ಕಡಿಮೆ. ಒಂದು ಸಂಜೆ ಎಲ್ಲಿಂದಲೋ ಹಳೆಯ ಸೈಕಲ್ಲೊಂದನ್ನು ತಂದು ರಿಪೇರಿ ಮಾಡಿ ಅಂಗಳದಲ್ಲಿ ನಿಲ್ಲಿಸಿ, "ಇದಕ್ಕ ಗೇರ್ ಅದಾವ," ಎಂದು ಹೇಳಿ ಚಹಾ ಕುಡಿಯಲು ಹೋದ. ಗಂಡ ಹೆಂಡತಿಗೆ ಬಂಗಾರ ಕೊಡಿಸಿದಾಗಲೂ ಅವಳ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ.

ತಾಪತ್ರಯ ಆದದ್ದು ಗೇರಿನ ಸೈಕಲ್ ಬಂದ ಮೇಲೆ. ಅವಳು ಗಜೇಂದ್ರಗಡದ ದಾರಿಯಲ್ಲೇ ದೂರದೂರ ಹೋಗಲು ಶುರು ಮಾಡಿದಳು. ಈಗ ನೀವೇ ಹೇಳಿ. ಹೊತ್ತು ಮೂಡುವ ಮೊದಲು ಒಬ್ಬ ಹೆಣ್ಣುಮಗಳು ಬೆನ್ನಿಗೆ ಚೀಲ ಹಾಕಿಕೊಂಡು, ಗಂಡನ ಅಂಗಿ ತೊಟ್ಟು, ತವರಿನ ದಾರಿ ಹಿಡಿದು ಏದುಸಿರು ಬಿಡುತ್ತಾ ಹೋಗುತ್ತಿದ್ದರೆ ನಮ್ಮ ಕಡೆ ಮಂದಿ ಏನು ತಿಳಿಯಬೇಕು? ಅತ್ತೆಯ ಜೊತೆ ಜಗಳವಾಗಿದೆ ಎಂದು ತಿಳಿದರು. ಹೆಂಗಸರಿಗೆ ಬಸ್ಸು ಪುಕ್ಕಟೆ ಇರುವಾಗ ಸೈಕಲ್ ಮೇಲೆ ಯಾಕೆ ಹೋಗುತ್ತಾಳೆ? ಬಸ್ ಬರುವವರೆಗೂ ತಡೆಯಲಾರದಷ್ಟು ದೊಡ್ಡ ಜಗಳವಾಗಿದೆ ಎಂದು ತಿಳಿದರು. ಇನ್ನೊಂದು ದಿನ ಅವಳು ತವರೂರನ್ನೂ ದಾಟಿ, ಅಣ್ಣನ ಮನೆಯಲ್ಲಿ ನೀರೂ ಕುಡಿಯದೆ, ಗುಡ್ಡದ ಕಡೆ ಹೋದಳು. ತವರಿಗೂ ಹೋಗದೆ ಎಲ್ಲಿಗೋ ಓಡಿಹೋಗುತ್ತಿದ್ದಾಳೆ ಅಂದರು. ಅಲ್ಲಿಗೆ ನನ್ನ ಮಾನ ಪೂರ್ತಿ ಹೋಯಿತು. ಮಾರ್ಕೆಟ್ಟಿನಲ್ಲಿ ಬದನೆಕಾಯಿ ಮಾರುವವಳು, ನಾನು ಸೊಸೆಯಾಗಿ ಬಂದಾಗಿನಿಂದ ನನ್ನನ್ನು ಬಲ್ಲವಳು, ನನಗೆ ತೂಗಿ ಕೊಡುವಾಗ ಮುಖ ಆಚೆ ತಿರುಗಿಸಿದಳು.

ಆ ವಾರವೇ ರೇಣುಕಾಳ ಅಣ್ಣ ಸಂಗಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ಮನೆಗೆ ಬಂದ. ಸುಮ್ಮನೆ ಬಂದ ಬೀಗರು ಗೋಡೆಗೆ ಒರಗಿ ಕೂಡುತ್ತಾರೆ. ಇವರು ನೆಟ್ಟಗೆ ಕುಳಿತರು. ನ್ಯಾಯಕ್ಕೆ ಬಂದಿದ್ದಾರೆ ಎಂದು ಗೊತ್ತಾಯಿತು. ರೇಣುಕಾ ಮಷಿನ್ ತುಳಿಯುವುದನ್ನು ನಿಲ್ಲಿಸಲಿಲ್ಲ.

"ಯವ್ವಾ, ನಮ್ಮ ಹುಡುಗೀದು ಏನರ ತಪ್ಪಿದ್ರ ನಮಗ ಹೇಳ್ರಿ. ಹಿಂಗ ಸೈಕಲ್ ಮ್ಯಾಲೆ ಹೊಂಡಿಸಿಬಿಟ್ರ ಹೆಂಗ್ರಿ," ಅಂದ ಸಂಗಪ್ಪ.

"ನಾನೆಲ್ಲಿ ಹೊಂಡಿಸೀನ್ರಿ ಬೀಗರ. ಆಕೀನ ಹೊಂಟಾಳ."

ಹಿರಿಯರಲ್ಲಿ ಒಬ್ಬರು ಕೆಮ್ಮಿ, ಎಷ್ಟೇ ಸಿಟ್ಟು ಬಂದರೂ ಹೆಣ್ಣುಮಕ್ಕಳು ಬಸ್ಸಿಗೆ ಹೋಗುತ್ತಾರಲ್ಲ ಅಂದರು. ನಾನು ಸಕ್ಕರೆ ಕಾಯಿಲೆಯಿಂದ ಹಿಡಿದು ಗಾಳಿಯ ಪಂಕದವರೆಗೆ ಎಲ್ಲ ಹೇಳಿದೆ. ಕೇಳಿದ ಮೇಲೆ ಅವರಿಗೆ ನನ್ನ ಮೇಲಿನ ಸಂಶಯ ಹೋಯಿತೋ ಇಲ್ಲವೋ, ಸಂಗಪ್ಪನ ಮುಖ ಮಾತ್ರ ಇನ್ನಷ್ಟು ಸಣ್ಣದಾಯಿತು. ಅವನ ಮಗಳಿಗೆ ಗಂಡು ನೋಡುತ್ತಿದ್ದರು. ಬಂದ ಗಂಡಿನ ಕಡೆಯವರು, ಸೈಕಲ್ ಹತ್ತಿ ಅಡ್ಡಾಡುವವಳು ನಿಮ್ಮ ತಂಗಿಯೇನು ಎಂದು ಕೇಳಿದ್ದರಂತೆ. ಜಗಳವಾಗಿದ್ದರೆ ಬಗೆಹರಿಸಬಹುದಿತ್ತು, ಇದಕ್ಕೆ ಏನು ಹೇಳಲಿ ಎಂದು ಕೈ ಮುಗಿದ. ಬರುವ ಭಾನುವಾರ ಆ ಗುಡ್ಡಕ್ಕೆ ಮಾತ್ರ ಬೇಡ, ನಮ್ಮ ಊರ ಮುಂದೆ ಹಾದು ಹೋಗುವುದಂತೂ ಬೇಡವೇ ಬೇಡ ಅಂದ.

ಮಷಿನ್ ಸಪ್ಪಳ ನಿಂತಿತು. "ಆತಣ್ಣ, ಬಿಡ್ತೀನಿ," ಅಂದಳು ರೇಣುಕಾ. ಅಷ್ಟು ಹೇಳಿ ಜಂಪರಿನ ತೋಳು ಹಿಡಿದು ಕುಳಿತಳು, ಹೊಲಿಯಲೂ ಇಲ್ಲ, ಕೆಳಗಿಡಲೂ ಇಲ್ಲ.

ನನಗೆ ಸಂತೋಷವಾಗಬೇಕಿತ್ತು. ಅವಳು ಬಿಟ್ಟರೆ ಬದನೆಕಾಯಿಯವಳು ನನ್ನ ಮುಖ ನೋಡುತ್ತಿದ್ದಳು. ಆದರೆ ಇಷ್ಟು ದಿನ ಉಂಡೆ ಕಟ್ಟಿದವಳು ನಾನು. ಜೋಳದ ಚೀಲ ಬಿಗಿದವಳು ನಾನು. ನಡುವೆ ಯಾರೋ ಬಂದು ಬೇಡ ಅಂದರೆ ನನ್ನ ಕೈಯ ದುಡಿತ ಎಲ್ಲಿಗೆ ಹೋಯಿತು?

"ಬಿಡೂದಿಲ್ಲ," ಅಂದೆ. "ಆಕಿ ಬಿಟ್ರ ಮಂದಿ ಮಾತು ಖರೆ ಆಕ್ಕೈತಿ. ಅತ್ತಿ ಹೆದರಿಸಿ ಮನ್ಯಾಗ ಕುಂಡ್ರಿಸ್ಯಾಳ ಅಂತಾರ. ಆಕಿ ಗುಡ್ಡ ಹತ್ತಲಿ, ಹಿಂದ ನಾ ಬರ್ತೀನಿ. ನಿಮ್ಮೂರ ಮುಂದನ ಹಾದು ಹೋಗ್ತೀವಿ. ಅತ್ತಿ-ಸೊಸಿ ಹೆಂಗ ಅದಾರ ಅಂತ ಎಲ್ಲಾರೂ ಕಣ್ಣಿಲೆ ನೋಡ್ಲಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಗೋಡೆಗೆ ಒರಗಿದರು. ಚಹಾಕ್ಕೆ ಇಟ್ಟೆ. ಸಂಗಪ್ಪ ಚಹಾ ಕುಡಿದ, ಆದರೆ ಹೂಂ ಅನ್ನಲಿಲ್ಲ.

ನನ್ನ ಉಪಾಯ ನನಗೆ ಭಾರಿ ಶಾಣ್ಯಾತನದ್ದು ಅನ್ನಿಸಿತ್ತು. ಭಾನುವಾರ ನಮ್ಮ ಓಣಿಯ ಮೌಲಾ ಓಡಿಸುವ ಮೂರು ಗಾಲಿಯ ಟಂಟಂ ಗೊತ್ತು ಮಾಡಿ, ಹಿಂದೆ ಚಾಪೆ ಹಾಸಿ, ನೀರಿನ ಕೊಡ, ರೊಟ್ಟಿ ಬುತ್ತಿ ಇಟ್ಟುಕೊಂಡು ಹತ್ತಿ ಕುಳಿತೆ. ಕೊಪ್ಪಳದ ಮಂದಿ ಮೈಗಂಟಿದ ಬಟ್ಟೆ ಹಾಕಿಕೊಂಡು, ಕಪ್ಪು ಕನ್ನಡಕ ಇಟ್ಟುಕೊಂಡು, ಮಿಡತೆಗಳ ಹಿಂಡಿನ ಹಾಗೆ ಹಾರಿ ಹೋದರು. ರೇಣುಕಾ ಹಿಂದೆ ಬಿದ್ದಳು. ನನಗೆ ತಡೆಯಲಾಗಲಿಲ್ಲ. ಎದ್ದು ಸರಳು ಹಿಡಿದು ನಿಂತು, ತುಳಿ, ತುಳಿ ಎಂದು ಕೈ ಬೀಸತೊಡಗಿದೆ. ಮೌಲಾ ಅವಳಿಗೆ ಹುರುಪು ಬರಲೆಂದು ಹಾರ್ನ್ ಒತ್ತುತ್ತಲೇ ಇದ್ದ. ದೂರದಿಂದ ನೋಡುವವರಿಗೆ ಇದು ಹೇಗೆ ಕಂಡೀತು ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಅವಳ ತವರೂರಿನ ಬಸ್ ನಿಲ್ದಾಣದಲ್ಲಿ ಮಂದಿ ಸೇರಿದ್ದರು. ಅತ್ತೆ-ಸೊಸೆ ಎಷ್ಟು ಚೆನ್ನಾಗಿದ್ದಾರೆ ಎಂದು ನೋಡಲಿ ಅಂತ ನಾನೇ ಹೇಳಿ ಕಳಿಸಿದ್ದೆನಲ್ಲ. ಅವರು ಕಂಡದ್ದೇನು? ಮುಂದೆ ಬಗ್ಗಿಕೊಂಡು ಜೀವ ಬಿಟ್ಟು ತುಳಿಯುತ್ತಿರುವ ಸೊಸೆ, ಹಿಂದೆ ಹಾರ್ನ್ ಹೊಡೆಯುತ್ತಾ ಬೆನ್ನಟ್ಟಿದ ಟಂಟಂ, ಅದರಲ್ಲಿ ಸೆರಗು ಹಾರಿಸುತ್ತಾ ಕೂಗುತ್ತಿರುವ ಮುದುಕಿ. ಹೆಂಗಸರು ರೇಣುಕಾಳನ್ನು ದಾಟಲು ಬಿಟ್ಟು ಟಂಟಂಗೆ ಅಡ್ಡ ನಿಂತರು. "ಬಿಟ್ಟುಬಿಡು ಬೇ ಆಕಿನ್ನ. ಎಲ್ಲೆರ ಸುಖದಿಂದ ಇರ್ಲಿ," ಅಂದಳು ಒಬ್ಬಳು. ನಾನು ಬುತ್ತಿ ಎತ್ತಿ ತೋರಿಸಿದೆ. ಉಣ್ಣಿಸಿ ಮರುಳು ಮಾಡಿ ಕರೆದೊಯ್ಯಲು ಬಂದಿದ್ದಾಳೆ ಅಂದರು. ಮೌಲಾ ಸೀಟಿನಿಂದ ಇಳಿದು ಹತ್ತು ಹೆಜ್ಜೆ ದೂರ ಹೋಗಿ, ತನಗೂ ಈ ಗಾಡಿಗೂ ಸಂಬಂಧವಿಲ್ಲ ಎಂಬಂತೆ ಬೀಡಿ ಹಚ್ಚಿದ.

ಅಷ್ಟರಲ್ಲಿ ಸಂಗಪ್ಪ ಬಂದ. ಅವನು ಒಂದು ಮಾತು ಆಡದಿದ್ದರೂ ನಡೆಯುತ್ತಿತ್ತು. ಟಂಟಂ ತಿರುಗಿಸಿಕೊಂಡು ನಾನು ಹೋಗುತ್ತಿದ್ದೆ, ಊರಿನಲ್ಲಿ ಅವನ ಮಾತು ಉಳಿಯುತ್ತಿತ್ತು. ಅವನು ಟವೆಲ್ಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ. "ನನ್ನ ತಂಗಿ ಗುಡ್ಡ ಹತ್ತಾಕ ಹೊಂಟಾಳ," ಅಂದ. "ನಾನ ಹೋಗಂತ ಹೇಳೀನಿ. ದಾರಿ ಬಿಡ್ರಿ." ಹೇಳಿದವನೇ ತಾನೂ ಟಂಟಂ ಹತ್ತಿ ನನ್ನ ಪಕ್ಕ ಕುಳಿತ. ಅವನು ಹಾಗೆ ಹೇಳಿರಲಿಲ್ಲ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ಊರ ಮುಂದೆ ನಿಂತು ತಂಗಿಗಾಗಿ ಸುಳ್ಳು ಹೇಳಿದ ಅಣ್ಣನನ್ನು ತಿದ್ದುವಷ್ಟು ದಡ್ಡಿ ನಾನಲ್ಲ. ಬುತ್ತಿ ಬಿಚ್ಚಿ ಅವನಿಗೊಂದು ರೊಟ್ಟಿ ಕೊಟ್ಟೆ.

ಗುಡ್ಡದ ಬುಡ ಮುಟ್ಟುವುದರೊಳಗೆ ಬಿಸಿಲು ಏರಿತ್ತು. ಕಪ್ಪು ಕನ್ನಡಕದವರಲ್ಲಿ ಒಬ್ಬರು ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದರು, ಇನ್ನೊಬ್ಬರು ಮೈಲಿಗಲ್ಲಿನ ಮೇಲೆ ಕುಳಿತು ತಮ್ಮ ಮೊಣಕಾಲನ್ನು ನೋಡಿಕೊಳ್ಳುತ್ತಿದ್ದರು. ನಮ್ಮ ಟಂಟಂ ಅರ್ಧ ಏರಿಗೆ ಕೆಮ್ಮಿ ನಿಂತಿತು. ಇಬ್ಬರಲ್ಲಿ ಒಬ್ಬರು ಇಳಿಯಿರಿ ಅಂದ ಮೌಲಾ. ಸಂಗಪ್ಪ ಇಳಿದ. ಆದರೂ ಏರಲಿಲ್ಲ. ನಾನೂ ಇಳಿದೆ. ಖಾಲಿ ಗಾಡಿಯೂ ಒಲ್ಲೆ ಅಂದಿತು. ಪೆಟ್ರೋಲ್ ಕುಡಿದ ಟಂಟಂ ಹತ್ತಲಿಲ್ಲ, ನನ್ನ ಉಂಡೆ ತಿಂದವಳು ಹತ್ತುತ್ತಿದ್ದಳು. ಮೇಲಿನ ತಿರುವಿನಲ್ಲಿ ಅವಳ ಕೆಂಪು ಹೆಲ್ಮೆಟ್ಟು ರಸ್ತೆಯ ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ಹೊರಳುತ್ತಾ ಹಾವು ಹರಿದ ಹಾಗೆ ಹೋಗುತ್ತಿತ್ತು. ನಿಂತಿತು ಅಂದುಕೊಂಡರೆ ಮತ್ತೆ ಅಲುಗುತ್ತಿತ್ತು. ನನ್ನ ಕಣ್ಣಿಗೆ ಪೊರೆ ಇದೆ, ಕಾಲು ಊರಿದಳೋ ಇಲ್ಲವೋ ಕಾಣಲಿಲ್ಲ. ಏನಾತು ಹೇಳ್ರಿ ಎಂದು ಸಂಗಪ್ಪನಿಗೆ ಮೊಣಕೈಯಿಂದ ತಿವಿದೆ. ಅವನು ಹಣೆಗೆ ಕೈ ಅಡ್ಡ ಇಟ್ಟು ಬಹಳ ಹೊತ್ತು ನೋಡಿದ. "ಊರಿಲ್ರಿ ಯವ್ವಾ," ಅಂದ ಕೊನೆಗೆ. "ಪಂಕದ ಬುಡಕ್ಕ ಮುಟ್ಟಿದ್ಲು. ಕಾಲು ಊರಿಲ್ಲ." ಹೇಳಿ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬೆವರು ಅಂದ. ಟಂಟಂನಲ್ಲಿ ಕುಳಿತು ಬಂದವನಿಗೆ ಎಂಥ ಬೆವರು?

ನನಗೆ ಹೆಮ್ಮೆ ಅಂಥಾದ್ದೇನೂ ಇಲ್ಲ. ಮನೆಗೆ ತಿರುಗಿ ಬರುವಾಗ ಮೌಲಾ ಹಿಂದಿನ ಓಣಿಯಿಂದ ಬೇಗ ಆಗುತ್ತದೆ ಅಂದ. ಬೇಡ, ಬಜಾರದ ನಡುವೆ ತಗೋ, ಸಾವಕಾಶ ಹೋಗು ಅಂದೆ, ಅಷ್ಟೇ. ಕೇಳಿದವರಿಗೆ ಹೇಳಿದೆ. ಕೇಳದವರಿಗೂ ಹೇಳಿದೆ. ಸಂಜೆ ರೇಣುಕಾ ಯಲಬುರ್ಗಾ ಮೇಲಿಂದ ಬಂದಿಳಿದಳು. ಇಳಕಲು ಹೇಗಿತ್ತು ಎಂದು ಕೇಳಿದೆ. ಕಣ್ಣಾಗ ನೀರು ಬರುವಷ್ಟು ಗಾಳಿ ಇತ್ರಿ ಅತ್ತಿ ಅಂದಳು, ಮೂರು ರೊಟ್ಟಿ ತಿಂದಳು, ಕೈ ತೊಳೆದ ಜಾಗದಲ್ಲೇ ಮಲಗಿಬಿಟ್ಟಳು.

ಮರುದಿನ ಬೆಳಿಗ್ಗೆ ಹೊತ್ತು ಮೂಡಿದರೂ ಅವಳು ಏಳಲಿಲ್ಲ. ನಾನೇ ಅಂಗಳ ಕಸ ಹೊಡೆದೆ, ನೀರು ಕಾಸಿದೆ. ಆಮೇಲೆ ಎದ್ದಳು, ಆದರೆ ಮಗು ಹೆಜ್ಜೆ ಕಲಿಯುವ ಹಾಗೆ ಗೋಡೆ ಹಿಡಿದು ನಡೆದಳು. ಪಡಸಾಲೆಯ ಕಟ್ಟೆಯ ಮೇಲೆ ಅವಳನ್ನು ಕೂಡಿಸಿ, ಕೊಬ್ಬರಿ ಎಣ್ಣೆ ಬಿಸಿ ಮಾಡಿಕೊಂಡು, ಕೆಳಗೆ ಕುಳಿತು ಮೀನಖಂಡ ತಿಕ್ಕತೊಡಗಿದೆ. ಬ್ಯಾಡ್ರಿ ಅತ್ತಿ, ಯಾರರ ನೋಡ್ತಾರ ಎಂದು ಕಾಲು ಹಿಂದಕ್ಕೆ ಎಳೆದುಕೊಂಡಳು. ಸುಮ್ಮನೆ ಕೂಡು ಅಂದೆ. ಅದೇ ಹೊತ್ತಿಗೆ ಪಕ್ಕದ ಮನೆಯ ನೀಲವ್ವ ಹೆಪ್ಪಿಗೆ ಮಜ್ಜಿಗೆ ಕೇಳಲು ವಾಟಗ ಹಿಡಿದು ಬಂದಳು. ಮೇಲೆ ಸೊಸೆ, ಅವಳ ಪಾದದ ಹತ್ತಿರ ನಾನು. ನೀಲವ್ವ ನೋಡಿದಳು, ಬಾಯಿ ತೆರೆದಳು, ಮಜ್ಜಿಗೆಯನ್ನು ಮರೆತು ಬಂದ ದಾರಿಗೆ ಬಿರಬಿರನೆ ಹೋದಳು. ಮನೆ ಬಿಟ್ಟು ಹೋಗಬೇಡ ಎಂದು ಅತ್ತೆ ಬೇಡಿಕೊಂಡಳು ಎಂಬ ಸುದ್ದಿ ಮಧ್ಯಾಹ್ನದೊಳಗೆ ಯಲಬುರ್ಗಾ ಮುಟ್ಟುತ್ತದೆ ಎಂದು ನನಗೆ ಅಲ್ಲೇ ಗೊತ್ತಾಯಿತು. ಕೂಗಿ ಕರೆದು ಹೇಳಬಹುದಿತ್ತು. ಹೇಳಲಿಲ್ಲ. ಎಣ್ಣೆ ಆರುತ್ತಿತ್ತು, ಇನ್ನೊಂದು ಕಾಲು ತಿಕ್ಕುವುದಿತ್ತು.