ಮಾಸ್ತರರ ದಿಂಬಿನ ವಜ್ರ

ಭಾವೀ ಅಳಿಯನಿಗೆ ವಜ್ರದುಂಗುರ ಹಾಕುತ್ತೇನೆಂದು ಬೈಲಹೊಂಗಲದ ವಿರೂಪಾಕ್ಷಪ್ಪ ಮಾಸ್ತರರು ನಾಲ್ಕು ಜನರೆದುರು ಹೇಳಿಬಿಟ್ಟಿದ್ದರು. ಹೇಳಿದಂತೆ ತಂದೂ ತಂದರು. ಅಷ್ಟಕ್ಕೆ ಸುಮ್ಮನಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮಗಳು ಶಿವಾನಿಯ ನಿಶ್ಚಯದ ದಿನ ಬೆಳಿಗ್ಗೆ ಅದನ್ನು ಪಕ್ಕದ ಮನೆಯ ಶಟ್ಟೆವ್ವನಿಗೆ ತೋರಿಸಿದರು.

ಪೇಟೆಯ ನಿಜಗುಣಪ್ಪ ಪತ್ತಾರರ ಅಂಗಡಿಯಲ್ಲಿ ಅಂಥ ಉಂಗುರ ಇದ್ದದ್ದು ಎರಡೇ. ಎರಡರ ಹರಳೂ ಒಂದೇ ತೂಕ, ಒಂದೇ ಆಕಾರ. ಮೂಲೆ ಸವೆದ ಪುಟ್ಟ ತಲೆದಿಂಬಿನಂತೆ. ಬೇರೆಯಾಗಿದ್ದದ್ದು ಸಾಣೆ ಹಿಡಿದ ರೀತಿ ಮಾತ್ರ. ಒಂದರಲ್ಲಿ ಮುಖಗಳು ಕಡಿಮೆ, ಆದರೆ ದೊಡ್ಡವು. ಬೆಳಕು ಫರಸಿಕಲ್ಲು ಹಾಸಿದ ಹಾಗೆ ತುಂಡು ತುಂಡಾಗಿ ಹೊಳೆಯುತ್ತಿತ್ತು. ಇನ್ನೊಂದರಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಮುಖಗಳು. ಒಳಗೆಲ್ಲ ಪುಡಿಪುಡಿ ಮಿಂಚು. ಮಾಸ್ತರರು ಪುಡಿಮಿಂಚಿನದನ್ನೇ ಆರಿಸಿದ್ದರು. "ಅಪ್ಪಾ, ಇದನ್ನ ಅವರಿಗೆ ಯಾಕ ಕೊಡತಿ? ನನಗ ಇರ್ಲಿ ಬಿಡು," ಎಂದು ಶಿವಾನಿ ನಕ್ಕಿದ್ದಳು. ಹೆಂಡತಿ ಸಿದ್ದಲಿಂಗವ್ವ ಕೆಂಪು ಡಬ್ಬಿಯನ್ನು ದೇವರ ಮುಂದಿಟ್ಟು ಮುಚ್ಚಳಕ್ಕೆ ವಿಭೂತಿ ಎಳೆದಿದ್ದಳು. ಹಿಂದೆಂದೋ ಬಾಗಿಲಿಗೆ ಸಿಕ್ಕು ಅವಳ ನಡುಬೆರಳು ಗಿಡ್ಡಾಗಿತ್ತು. ಹೀಗಾಗಿ ಮೂರು ಗೀಟಿನಲ್ಲಿ ನಡುವಿನದು ಯಾವಾಗಲೂ ಅರ್ಧಕ್ಕೇ ನಿಲ್ಲುತ್ತಿತ್ತು.

ಶಟ್ಟೆವ್ವ ಉಂಗುರವನ್ನು ಬಿಸಿಲಿಗೆ ಹಿಡಿದಳು. "ಅಯ್ಯ ಶಿವನ! ಮಾಸ್ತರ್ರ, ಇದು ಒಳಗ ಒಡದೈತಲ್ರಿ! ಗೋಲಾದ ಪುಡಿ ಬರ್ಫ ಆದಂಗ ಆಗೇತಿ!"

"ಒಡದಿಲ್ಲವಾ. ಅದರ ಕಟಿಂಗ ಹಂಗ ಐತಿ."

"ಏನ ಕಟಿಂಗೋ! ಒಡದ ಹರಳ ಕೊಟ್ಟು ಮಗಳ ಸಂಬಂಧ ಮಾಡ್ತೀರೇನ್ರಿ? ಬೀಗರ ಕಣ್ಣಿಗೆ ಬಿದ್ರ ಎದ್ದು ಹೋಗ್ತಾರ!"

ಎದುರಿನ ಗಡಿಯಾರ ರಿಪೇರಿಯ ಲಗಮಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಬಂದ. "ಒಂದಲ್ಲ ಎರಡಲ್ಲ, ನೂರು ಚೂರದಾವ್ರಿ ಸರ," ಎಂದು ತೀರ್ಪು ಕೊಟ್ಟ.

ಅಷ್ಟರಲ್ಲಿ ಸೈಕಲ್ ಅಂಗಡಿಯ ರಾಯವ್ವ ನೀರು ತುಂಬಿದ ಬೋಗುಣಿ ಹಿಡಿದು ಬಂದಳು. ಅವಳ ಮನೆಯಲ್ಲಿ ಏನೇ ಸೋರಿದರೂ ಪರೀಕ್ಷೆ ಒಂದೇ. "ಮುಳಗಿಸ್ರಿ. ಗುಳ್ಳಿ ಬಂದ್ರ ಒಡದೈತಿ, ಬರಲಿಲ್ಲಂದ್ರ ಇಲ್ಲ." ಉಂಗುರ ನೀರಿಗಿಳಿಯಿತು, ಓಣಿಯೆಲ್ಲ ಬಗ್ಗಿ ನೋಡಿತು. ಹರಳಿನ ಕೆಳಗಿನ ಬಂಗಾರದ ಗೂಡಿನಿಂದ ಬುಳಕ್ಕೆಂದು ಒಂದೇ ಒಂದು ಗುಳ್ಳೆ ಎದ್ದಿತು.

"ಬಂತು! ಪಂಕ್ಚರ್!" ಎಂದು ರಾಯವ್ವ ಕೂಗಿದಳು.

ಹರಳಿನ ಬಗ್ಗೆ ಮಾಸ್ತರರಿಗೆ ಸಂಶಯವಿರಲಿಲ್ಲ. ಆದರೆ ಬೀಗರ ಮುಂದೆ ಇವರಲ್ಲಿ ಒಬ್ಬರು ಬಾಯಿಬಿಟ್ಟರೂ ಮಗಳ ನಿಶ್ಚಯ ಮುರಿದೀತು. ಡಬ್ಬಿ ಹಿಡಿದು ಪೇಟೆಗೆ ಓಡಿದರು.

"ಸರ, ಇದು ಒಡದಿದ್ದಲ್ಲ," ಎಂದರು ಪತ್ತಾರರು.

"ನನಗ ಗೊತ್ತೈತ್ರಿ. ಓಣಿಗೆ ಗೊತ್ತಿಲ್ಲ. ಆ ದೊಡ್ಡ ಮುಖದ್ದು ಕೊಟ್ಟುಬಿಡ್ರಿ."

"ಒಯ್ರಿ. ಆದ್ರ ಇದನ್ನ ಭಾಳ ಬಗ್ಗಿ ನೋಡಬಾರದ್ರಿ. ಮುಖ ದೊಡ್ಡವು ನೋಡ್ರಿ, ನಮ್ಮ ತಲಿ ನೆರಳ ಅದರಾಗ ಬೀಳತೈತಿ. ನಡುವ ಕರ್ರಗ ಕಾಣತೈತಿ."

ಮಾಸ್ತರರು ಅರ್ಧ ಕೇಳಿದರು, ಅರ್ಧ ಬಿಟ್ಟರು. ಹಳೆಯ ಉಂಗುರವನ್ನು ಡಬ್ಬಿಯ ಸಮೇತ ಕೊಟ್ಟು, ಹೊಸದನ್ನು ಹೊಸ ಡಬ್ಬಿಯಲ್ಲಿ ತಂದರು. ಶಟ್ಟೆವ್ವ ನೋಡಿ, "ಈಗ ಸಾಬೂತ ಐತಿ, ಎಲ್ಲೂ ಒಡದಿಲ್ಲ," ಎಂದು ಒಪ್ಪಿಗೆ ಕೊಟ್ಟ ಮೇಲೆಯೇ ಅವರು ಊಟಕ್ಕೆ ಕೂತದ್ದು.

ಸವದತ್ತಿಯ ಬೀಗರು ಎರಡು ತಾಸು ತಡವಾಗಿ ಬಂದರು. ವರನ ಬೆರಳಿಗೆ ಉಂಗುರ ಏರಿತು. ಅವನ ಅಜ್ಜಿ ಸೋಮವ್ವ ಮೊಮ್ಮಗನ ಕೈ ಹಿಡಿದು, ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಅವಳ ಹಿಂದೆ ಇಪ್ಪತ್ತು ತಲೆಗಳು ಬಗ್ಗಿದವು. ವಜ್ರ ಕಪ್ಪಾಯಿತು.

"ಬೀಗರ, ನಡುವ ಇದ್ದಲಿ ಇಟ್ಟಂಗ ಐತೆಲ್ರಿ!"

"ಅಮ್ಮಾರ, ಸ್ವಲ್ಪ ತಲಿ ಎತ್ರಿ..." ಎಂದು ಮಾಸ್ತರರು ಗೋಗರೆದರು. ಯಾರೂ ಎತ್ತಲಿಲ್ಲ, ಇನ್ನೂ ನಾಲ್ಕು ಜನ ಬಂದು ಬಗ್ಗಿದರು.

ವರನ ತಂದೆ ಬಸವಲಿಂಗಪ್ಪ ನಕ್ಕು, "ಇರ್ಲಿ ಬಿಡವ್ವ, ವಜ್ರ ಅಂದ್ರ ಹ್ಯಾಂಗಿರಬೇಕು ಅಂತ ನಾವು ತೋರಸೂಣಂತ," ಎಂದರು. "ತಡಾ ಆಗಿದ್ದೂ ಇದಕ್ಕ ನೋಡ್ರಿ. ಸೊಸಿಗೆ ಮಾಡಿಸಿದ್ದ ಉಂಗುರ ಸವದತ್ತಿಯೊಳಗ ಮರತ ಬಂದಿದ್ವಿ. ಈಗ ನಿಮ್ಮ ಪೇಟ್ಯಾಗ ತಗೊಂಡ್ವಿ. ತುಸು ದೊಡ್ಡದಾತು, ದಾರ ಸುತ್ತೇವಿ. ಅಂಗಡಿಯವರು ಭಾಳ ದೈವಭಕ್ತರು, ಡಬ್ಬಿಗೆ ಪೂಜಾನೂ ಮಾಡಿ ಇಟ್ಟಾರ!"

ಅವರು ಹೊರತೆಗೆದ ಕೆಂಪು ಡಬ್ಬಿಯ ಮೇಲೆ ವಿಭೂತಿಯ ಮೂರು ಗೀಟುಗಳಿದ್ದವು. ನಡುವಿನದು ಅರ್ಧಕ್ಕೇ ನಿಂತಿತ್ತು.

ಸಿದ್ದಲಿಂಗವ್ವ ಗೀಟು ನೋಡಿದಳು, ತನ್ನ ಬೆರಳು ನೋಡಿಕೊಂಡಳು, ಆಮೇಲೆ ಗಂಡನನ್ನು ನೋಡಿದಳು. ಬೆರಳಿಗೆ ಉಂಗುರ ಏರುತ್ತಲೇ ಶಿವಾನಿಗೆ ನಗು ತಡೆಯಲಾಗಲಿಲ್ಲ. ಸೊಸೆಗೆ ನಾಚಿಕೆ ಎಂದುಕೊಂಡು ಬೀಗರೂ ಸಂತೋಷಪಟ್ಟರು.

ಶಟ್ಟೆವ್ವ ಮುಂದೆ ನುಗ್ಗಿ ಹರಳು ನೋಡಿದಳು. "ಆಹಾ! ಗೋಲಾದ ಬರ್ಫ ಮಿಂಚಿದಂಗ ಮಿಂಚತೈತಿ ನೋಡ್ರಿ! ಹರಳಂದ್ರ ಇದು!" ಲಗಮಪ್ಪ ಭೂತಗನ್ನಡಿಯಲ್ಲಿ ನೋಡಿ ತಲೆದೂಗಿದ.

"ಹಂಗಾರ ಬೀಗರ," ಎಂದಳು ಸೋಮವ್ವ, "ನಾಳೆ ಆ ಕರಿ ಹರಳ ಕೊಟ್ಟು, ನಮ್ಮ ಹುಡುಗಗೂ ಇಂಥಾದ್ದ ತಂದುಬಿಡ್ರಿ. ಜೋಡಿ ಆಗತೈತಿ."

ಇಂಥದ್ದು ಊರಲ್ಲಿ ಇದ್ದದ್ದು ಒಂದೇ ಎಂದು ಹೇಳಲು ಮಾಸ್ತರರು ಬಾಯಿ ತೆರೆದರು. ಸಿದ್ದಲಿಂಗವ್ವ ಅದರೊಳಗೆ ಇಡೀ ಬೂಂದಿ ಉಂಡೆ ತುರುಕಿದಳು.

ಶಟ್ಟೆವ್ವ ಅವರ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: "ಮಾಸ್ತರ್ರ, ನಾಳೆ ಅಂಗಡಿಗೆ ನಾನೂ ಬರತೇನ್ರಿ. ನಿಮಗ ಹರಳಿನಾಗಿಂದು ಏನೂ ತಿಳಿಯಂಗಿಲ್ಲ."