ಬನ್ನಿಗಿಡದ ಬುಡದ ಐದು ಕಲ್ಲು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಬಟ್ಟಲು ಚಹಾ. ಅದನ್ನು ಸದ್ದಿಲ್ಲದ ಜಾಗದಲ್ಲಿ ಕೂತು ಕುಡಿಯಬೇಕೆಂಬುದು ಅಬ್ದುಲಗನಿ ಸಾಹೇಬರ ಬಹುದಿನದ ಆಸೆ.

ಸಿಂದಗಿಯ ಬೋಗಾರ ಓಣಿಯಲ್ಲಿ ಅವರ ಮನೆ. ಬೆಳಗಾಯಿತೆಂದರೆ ಎಡಕ್ಕೆ ತಾಮ್ರದ ಕೊಡ ಬಡಿಯುವ ಬೋಗಾರರು, ಬಲಕ್ಕೆ ಹಂಡೆ ಬಡಿಯುವವರು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದಾಗಲೂ ಕಚೇರಿಯಲ್ಲಿ ತಲೆ ಎತ್ತದೆ ಬರೆದ ಕಾರಕೂನರು, ನಿವೃತ್ತರಾಗಿ ಹಗಲಿಡೀ ಆ ಸದ್ದಿನಲ್ಲಿ ಕೂರಬೇಕಾಗಿ ಬಂದಾಗ ಮಾತಾಡಿಸಿದವರ ಮೇಲೆಲ್ಲ ಹಾಯತೊಡಗಿದರು. ಕಡೆಗೆ ಆಲಮೇಲದ ದಾರಿಯಲ್ಲಿದ್ದ ಧರೆಪ್ಪನ ಹಳೆಯ ತೋಟದ ಮನೆಯನ್ನು, ಅದರ ಸುತ್ತಲಿನ ಹೊಲದ ಸಮೇತ ಕೊಂಡರು. ಬದಲಿಗೆ ತಮ್ಮ ಮನೆಯನ್ನೇ ಅವನಿಗೆ ಕೊಟ್ಟುಬಿಟ್ಟರು. ಧರೆಪ್ಪ ವಾರ ಮೊದಲೇ ಬಂದು ಆ ಮನೆಯ ಪಡಸಾಲೆಯಲ್ಲಿ ಬಿಡಾರ ಹೂಡಿದ.

ಮೊದಲ ರಾತ್ರಿ ಮಣ್ಣಿನ ಮಾಳಿಗೆ ಸಾಹೇಬರ ಹಾಸಿಗೆಯ ಮೇಲೆ ಸಣ್ಣಗೆ ಉದುರುತ್ತಲೇ ಇತ್ತು. ಬಾವಿಯ ಹಗ್ಗ ಅಂಗೈ ಸುಲಿಯಿತು. ಬಚ್ಚಲಲ್ಲಿ ಚೇಳು ಕಂಡ ಹೆಂಡತಿ ರಾಜಬಿ ಮಂಚ ಬಿಟ್ಟು ಇಳಿಯಲಿಲ್ಲ. ಸಾಹೇಬರು ಮುಂಜಾನೆಯ ಚಹಾ ನೆನೆದು ಎಲ್ಲವನ್ನೂ ನುಂಗಿಕೊಂಡರು. ಮುಂಜಾನೆ ಕಟ್ಟೆಯ ಮೇಲೆ ಕೂತರು, ಚಹಾದ ಬಟ್ಟಲೆತ್ತಿದರು. ಎಲ್ಲೂ ಒಂದು ಸದ್ದಿಲ್ಲ. ಬಟ್ಟಲು ತುಟಿಗೆ ತಾಗುವಷ್ಟರಲ್ಲಿ ಎತ್ತಿನ ಕೊರಳಗಂಟೆ ಕೇಳಿಸಿತು.

ಬಂದದ್ದು ಚಕ್ಕಡಿಗಳ ಸಾಲು. ಮುಂದಿನ ಚಕ್ಕಡಿಯಿಂದ ಗುಂಡವ್ವ ಎಂಬ ಮುದುಕಿ ಬುಟ್ಟಿ ಹೊತ್ತು ಇಳಿದಳು. ಹಿಂದೆಯೇ ಪಕ್ಕದ ಹೊಲದ ಖಾಜಾಸಾಬ, ಅವನ ಹಿಂದೆ ಊರರ್ಧ ಜನ.

"ಯಾರ್ರಿ ನೀವು? ಇದು ನನ್ನ ಹೊಲ," ಎಂದರು ಸಾಹೇಬರು.

"ನಿಮ್ದ ಐತ್ರಿ, ಯಾರ ಇಲ್ಲಂದ್ರು?" ಎಂದಳು ಗುಂಡವ್ವ. "ಇವತ್ತ ಎಳ್ಳಮಾಸಿ. ನಮ್ಮ ಪಾಂಡವರು ಈ ಬನ್ನಿಗಿಡದಾಗ ಅದಾರ. ಪೂಜಿ ಮಾಡಿ, ಚರಗ ಚೆಲ್ಲಿ, ಉಂಡು ಹೋಗ್ತೇವಿ."

ಎಳ್ಳಮಾಸಿಗೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕಿಳಿಯುವುದು ಸಾಹೇಬರಿಗೆ ಗೊತ್ತಿಲ್ಲದ್ದೇನಲ್ಲ. ಪ್ರತಿ ವರ್ಷ ಯಾರದೋ ಹೊಲಕ್ಕೆ ಹೋಗಿ ಉಂಡು ಬಂದವರೇ. ತಮ್ಮ ಹೊಲಕ್ಕೂ ಜನ ಬರಬಹುದೆಂದು ಮಾತ್ರ ಹೊಳೆದಿರಲಿಲ್ಲ.

"ಬ್ಯಾರೆ ಕಡೆ ಹೋಗ್ರಿ. ನನಗ ಗದ್ದಲ ಆಗೂದಿಲ್ಲ."

"ಪ್ರತಿ ವರ್ಷ ಮಂದಿ ಹೊಲದಾಗ ಕುಂತು ಹೋಳಿಗಿ ಉಂಡಾಗ ಗದ್ದಲ ಇರಲಿಲ್ಲೇನ್ರಿ?" ಎಂದ ಖಾಜಾಸಾಬ. ಎಲ್ಲರೂ ನಕ್ಕರು. ಸಾಹೇಬರ ಕಿವಿ ಕೆಂಪಾಯಿತು.

ಬನ್ನಿಗಿಡದ ಬುಡದಲ್ಲಿದ್ದ ಪಾಂಡವರೆಂಬ ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆಯಾಯಿತು. ಗಂಡಸರು ಕೂಗು ಹಾಕುತ್ತ, ಭೂತಾಯಿಗೆಂದು ಎಡೆಯ ತುತ್ತು ಎರಚಿ ಹೊಲದ ಸುತ್ತ ಚರಗ ಚೆಲ್ಲಿದರು. ಹುಡುಗಿಯರು ಜೋಕಾಲಿ ಕಟ್ಟಿದರು. ಒಂದು ಎತ್ತು, ಒಣಹಾಕಿದ್ದ ಸಾಹೇಬರ ಪಾಯಜಾಮವನ್ನು ಕಾಲಿನಿಂದ ಶುರುಮಾಡಿ ನಡುವಿನ ತನಕ ಮೆದ್ದಿತು. ಅದನ್ನು ಕಸಿದುಕೊಳ್ಳಲು ಹೋದರೆ ಒಬ್ಬ ಮಾಳಿಗೆಗೆ ಹೊಸ ಮಣ್ಣು ಹಾಕಿಸಬೇಕೆಂದ, ಇನ್ನೊಬ್ಬ ಬಾಗಿಲನ್ನೇ ಬೇರೆ ದಿಕ್ಕಿಗೆ ಇಡಿಸಬೇಕೆಂದ. ರಾಜಬಿಯಂತೂ ಚೇಳು ಮರೆತು ಹೆಂಗಸರ ನಡುವೆ ಕೂತು ಸಜ್ಜೆ ರೊಟ್ಟಿ ಮುರಿಯುತ್ತಿದ್ದಳು. ಹೆಂಡತಿಯೂ ಆ ಕಡೆ ಸೇರಿದ್ದು ಕಂಡು ಸಾಹೇಬರಿಗೆ ಮೈಯೆಲ್ಲ ಉರಿದುಹೋಯಿತು.

ಗುಂಡವ್ವ ಪ್ರೀತಿಯಿಂದ ಅಂಬಲಿಯ ಗಡಿಗೆ ತಂದು ಅವರ ಮುಂದಿಟ್ಟಳು. "ಇಬ್ಬರ ಅದೀರಿ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ ಸಾಹೇಬ್ರ. ಇನ್ನ ಮ್ಯಾಲ ದಿನಾ ಸಂಜೀಕ ಎಲ್ಲಾರೂ ಬಂದು ನಾಕ ಮಾತಾಡಿ ಹೋಗ್ತೇವಿ."

ಸಾಹೇಬರು ದಡಕ್ಕನೆ ಎದ್ದರು. ಎದ್ದ ರಭಸಕ್ಕೆ ಕಾಲು ತಾಗಿ ಗಡಿಗೆ ಉರುಳಿತು.

"ಸಾಕು. ನಿಮ್ಮ ಪಾಂಡವರನ್ನ ಉಡ್ಯಾಗ ಕಟಗೊಂಡು ನಡೀರಿ. ನನ್ನ ಹೊಲದಾಗ ಒಬ್ಬರೂ ಕಾಲಿಡಬ್ಯಾಡ್ರಿ."

ಜೋಕಾಲಿ ನಿಂತಿತು. ಸಾಹೇಬರು ತಿರುಗಿಯೂ ನೋಡದೆ, ಅರ್ಧ ಪಾಯಜಾಮ ಹೆಗಲ ಮೇಲಿರುವಂತೆಯೇ ಸಿಂದಗಿಯ ದಾರಿ ಹಿಡಿದರು.

ಬೋಗಾರ ಓಣಿಗೆ ಕಾಲಿಟ್ಟವರು ಹಾಗೆಯೇ ನಿಂತರು. ಒಂದು ಸುತ್ತಿಗೆಯ ಸದ್ದಿಲ್ಲ. ಮನೆಮನೆಗೂ ಬೀಗ. ತಮ್ಮದೇ ಹಳೆಯ ಕಟ್ಟೆಯ ಮೇಲೆ ಧರೆಪ್ಪ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದ. ಸಾಹೇಬರನ್ನು ಕಂಡವನೇ ಎರಡೂ ಕಿವಿಯಿಂದ ಏನೋ ತೆಗೆದು ಕಿಸೆಗೆ ಹಾಕಿಕೊಂಡ.

"ಬರ್ರಿ ಸಾಹೇಬ್ರ. ಏನ ಶಾಂತ ಐತ್ರಿ ನಿಮ್ಮ ಓಣಿ."

ಬೋಗಾರರೂ ಹೊಲಕ್ಕೆ ಹೋಗಿದ್ದಾರೆ, ಸಂಜೆಗೆ ಬರುತ್ತಾರೆ ಎಂದು ಸಾಹೇಬರಿಗೆ ಹೊಳೆಯಬೇಕಿತ್ತು. ಸಿಟ್ಟು ಎಲ್ಲಿ ಹೊಳೆಯಗೊಡುತ್ತದೆ? ಪ್ರತಿ ಎಳ್ಳಮಾಸಿಗೂ ತಾವೇ ಊರು ಬಿಟ್ಟು ಹೋಗುತ್ತಿದ್ದವರು, ಖಾಲಿ ಓಣಿಯನ್ನು ಎಂದೂ ಕಂಡಿರಲಿಲ್ಲ.

"ಧರೆಪ್ಪಾ, ನಿನ್ನ ಮನಿ ನೀ ತಗೋ. ನನ್ನ ಮನಿ ನನಗ ಕೊಡು."

ಧರೆಪ್ಪ ಬೇಡವೆಂದ, ತಲೆ ಕೆರೆದುಕೊಂಡ, ಸಾಹೇಬರು ಕೈ ಹಿಡಿದ ಮೇಲೆ ಒಳಗಿನಿಂದ ಬೆಲ್ಲ ತಂದ. "ಬೆಲ್ಲ ತಿಂದ ಮ್ಯಾಲ ಮಾತ ಬದಲಿಸೂ ಹಂಗಿಲ್ಲ ನೋಡ್ರಿ." ಸಾಹೇಬರೇ ಮೊದಲು ಬಾಯಿಗೆ ಹಾಕಿಕೊಂಡರು. ಧರೆಪ್ಪನ ಗಂಟು ಕಟ್ಟಿಯೇ ಇತ್ತು.

ಹೊತ್ತು ಮುಳುಗುವಾಗ ಇಬ್ಬರೂ ತೋಟ ಮುಟ್ಟಿದರು. ಚಕ್ಕಡಿಗಳಿರಲಿಲ್ಲ. ಬನ್ನಿಗಿಡದ ಬುಡ ಬರಿದಾಗಿತ್ತು. ಕಟ್ಟೆಯ ಮೇಲೆ ರಾಜಬಿ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು.

"ಆತಲ್ರಿ ನಿಮ್ಮ ಮನಸಿನಂಗ? ಗುಂಡವ್ವ ಐದೂ ಕಲ್ಲ ಉಡ್ಯಾಗ ಕಟಗೊಂಡು ಖಾಜಾಸಾಬನ ಹೊಲಕ್ಕ ಹೋದಳು. ಈ ಹೊಲ ಇನ್ನೊಮ್ಮಿ ತುಳಿಯೂದಿಲ್ಲಂತ ಎಲ್ಲಾರೂ ಆಣಿ ಮಾಡ್ಯಾರ."

"ಖರೇನ? ಇನ್ನ ಯಾರೂ ಬರೂದಿಲ್ಲ?"

"ಒಂದ ಪಿಳ್ಳಿನೂ ಬರೂದಿಲ್ಲ."

ಸಾಹೇಬರು ಕಿವಿಗೊಟ್ಟರು. ತೊಗರಿ ಗಿಡ ಅಲುಗುವ ಸದ್ದು ಕೂಡ ಕೇಳುವಷ್ಟು ನಿಶ್ಶಬ್ದ. ಅವರ ಮುಖ ಅರಳಿತು, ನಂತರ ಮೆಲ್ಲಗೆ ಧರೆಪ್ಪನ ಕಡೆ ತಿರುಗಿತು.

"ಧರೆಪ್ಪಾ, ಆ ಬೆಲ್ಲದ ಮಾತು..."

"ಹೊಟ್ಯಾಗ ಹೋತ್ರಿ ಅದು," ಎಂದ ಧರೆಪ್ಪ, ಕಟ್ಟೆಯ ಮೇಲೆ ಗಂಟು ಇಳಿಸುತ್ತ. "ನಮ್ಮಪ್ಪನ ಕಾಲದಿಂದ ಆ ಮಂದೀನ ಓಡಸಾಕ ಆಗಿದ್ದಿಲ್ರಿ. ಅದಕ್ಕ ಮನೀನ ಮಾರಿದ್ನಿ. ನಿಮ್ಮ ಉಪಕಾರ ಮರೆಯೂದಿಲ್ಲ."

ಅಷ್ಟು ಹೇಳಿ ಕಿಸೆಗೆ ಕೈ ಹಾಕಿ, ಅರಳೆಯ ಎರಡು ಉಂಡೆ ತೆಗೆದು ಸಾಹೇಬರ ಅಂಗೈಯಲ್ಲಿಟ್ಟ.

"ಇವು ತಗೋರಿ. ಮುಂಜಾನಿ ಬೇಕಾಗ್ತಾವು."