ಕಣ್ಣಿಡದೆ ಉಳಿದ ಗಿಳಿ

ಐವತ್ತೆರಡು ವರ್ಷದ ಗಂಡಸು ಫೋನಿನೊಳಗೆ ಗಿಳಿ ಸಾಕಿದ್ದಾನೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಅದೊಂದು ಆನ್‌ಲೈನ್ ಆಟ. ಮಧ್ಯಾಹ್ನ ಊಟವಾದ ಮೇಲೆ ಗಿಳಿಗೊಂದು ಸೀಬೆಹಣ್ಣು ತಿನ್ನಿಸಿ ತಲೆ ಸವರದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಮನೆಯಲ್ಲಿ ಹೇಳಿದ ಕೆಲಸ ನೂರು ಸಲ ಮರೆಯುತ್ತೇನೆ. ಗಿಳಿಯ ಊಟ ಮಾತ್ರ ಮರೆತವನಲ್ಲ.

ಹೋದ ಭಾನುವಾರ ಆಟದವರು ಸಾಕುಪ್ರಾಣಿಗಳಿಗೆ ಹೊಸ ವೇಷ ಕೊಟ್ಟರು. ಹೊಸದೆಂದರೆ ಹಳೆಯದೇ: ಮೊದಮೊದಲ ವಿಡಿಯೊ ಗೇಮುಗಳಲ್ಲಿದ್ದಂತೆ ಪುಟ್ಟ ಪುಟ್ಟ ಚೌಕಗಳ ಪಿಕ್ಸೆಲ್ ರೂಪ. ಕಣ್ಣಿನ ಚೌಕ ಖಾಲಿ. ಬಣ್ಣ ನಾವೇ ತುಂಬಬೇಕಂತೆ. ವೇಷದ ಗುಂಡಿ ಒತ್ತಿದೆ. ಚೌಕದ ಗಿಳಿ ಬಂದು ಕೂತದ್ದೇ ತಡ, ನನ್ನ ಮೈ ಜುಮ್ಮೆಂದಿತು. ಈ ಗಿಳಿಯನ್ನು ನಾನು ಬಲ್ಲೆ.

ನಮ್ಮಪ್ಪ ಕೊಳ್ಳೇಗಾಲದ ಮಗ್ಗಗಳಿಗೆ ರೇಷ್ಮೆ ಸೀರೆಯ ಅಂಚಿನ ಚಿತ್ತಾರ ಬರೆಯುತ್ತಿದ್ದ. ಗ್ರಾಫ್ ಹಾಳೆಯಲ್ಲಿ ಒಂದೊಂದೇ ಚೌಕ ತುಂಬಿ ನವಿಲು, ಮಾವಿನಕಾಯಿ, ಗಿಳಿ. ಹಕ್ಕಿಗೆ ಕಣ್ಣಿಡುವುದು ಎಲ್ಲಕ್ಕಿಂತ ಕೊನೆಗೆ. "ತಪ್ಪಿದ್ದಾಗ ಕಣ್ಣಿಟ್ರೆ ಅದು ನಮ್ಮನ್ನೇ ನೋಡ್ತಾ ಕೂತ್ಕತದೆ ಕಣ್ಲಾ" ಎನ್ನುತ್ತಿದ್ದ. ಹತ್ತು ವರ್ಷದ ಹಿಂದೆ ಕೊನೆಯ ಗಿಳಿ ಬರೆಯುವಾಗ ವಯಸ್ಸಾಗಿ ಅವನ ಗೆರೆ ನೇರ ನಿಲ್ಲುತ್ತಿರಲಿಲ್ಲ. ಬಾಲ ತುಂಬಲು ನನಗೆ ಕೊಟ್ಟ. ನಾನು ಫೋನು ನೋಡುತ್ತಾ ಒಂದು ಚೌಕ ಹೆಚ್ಚಿಗೆ ತುಂಬಿದೆ, ಬಾಯಿ ಬಿಡಲಿಲ್ಲ. ಅದಕ್ಕೆ ಕಣ್ಣಿಡುವ ಮೊದಲೇ ಅಪ್ಪ ತೀರಿಕೊಂಡ. ಹಾಳೆ ಅವ್ವನ ಟ್ರಂಕು ಸೇರಿತು.

ಅವ್ವ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಫೋನು ತೋರಿಸಿದೆ. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗಿ ಹಾಳೆ ತಂದಳು. ಇಬ್ಬರೂ ಚೌಕ ಎಣಿಸತೊಡಗಿದೆವು. ಕೊಕ್ಕಿಗೆ ಮೂರು, ಫೋನಿನಲ್ಲೂ ಮೂರು. ರೆಕ್ಕೆಗೆ ಹದಿನಾಲ್ಕು, ಅಲ್ಲೂ ಹದಿನಾಲ್ಕು. ಕೊನೆಗೆ ಬಾಲಕ್ಕೆ ಬಂದೆವು. ನಾನು ಹೆಚ್ಚಿಗೆ ತುಂಬಿದ ಚೌಕ ಎರಡರಲ್ಲೂ ಅದೇ ತುದಿಯಲ್ಲಿತ್ತು.

"ಎಂಗೋ ಒಂದೇ ತರ ಬಂದದೆ ಬುಡವ್ವ" ಅಂದೆ.

"ನಿನ್ ತಪ್ಪೂ ಒಂದೇ ತರ ಬಂದದಾ?"

"ನಿಂಗೆ ಗೊತ್ತಿತ್ತಾ?"

"ನಿಮ್ಮಪ್ಪ ಅವತ್ತೇ ನೋಡಿದ್ರು. ಮಗನೇ ಬಂದು ಒಪ್ಕಳ್ಲಿ, ಆಮ್ಯಾಕೆ ಕಣ್ಣಿಡ್ತೀನಿ ಅಂತ ಕಾಯ್ತಾ ಇದ್ರು. ಕಾಯ್ತಾನೇ ಒಂಟೋದ್ರು."

ನಾನು ಹಾಳೆ ಕೆಳಗಿಟ್ಟೆ. "ತಪ್ಪಾಯ್ತು ಕಣವ್ವ" ಅಂದೆ.

"ನಂಗ್ಯಾಕ್ ಏಳೀಯೆ? ಕಣ್ಣಿಡು. ಅವರ್ಗೇ ಏಳು."

ಫೋನಿನ ಗಿಳಿಗೆ ಕಪ್ಪು ಬಣ್ಣ ಒತ್ತಿ ಕಣ್ಣಿಟ್ಟೆ. ಗಿಳಿ ಕತ್ತು ತಿರುಗಿಸಿ ಮೊದಲು ತನ್ನ ಬಾಲ ನೋಡಿಕೊಂಡಿತು. ಆಮೇಲೆ ನನ್ನನ್ನು ನೋಡಿತು. ಬೈಯುವ ಮುಂಚೆ ಅಪ್ಪ ಹೀಗೇ ನೋಡಿ ಒಮ್ಮೆ ಕೆಮ್ಮುತ್ತಿದ್ದ. ನಾನು ಕೈಮುಗಿದು, ಅಷ್ಟು ವರ್ಷ ನುಂಗಿಕೊಂಡಿದ್ದ ಮಾತನ್ನು ಫೋನಿಗೇ ಹೇಳಿದೆ.

ಈಗ ಗಿಳಿ ನನ್ನ ಕೈಯಿಂದ ತಿನ್ನುವುದಿಲ್ಲ. ಅವ್ವ ಒತ್ತಿದರೆ ಗಬಗಬ ತಿನ್ನುತ್ತದೆ. ನಾನು ಪಕ್ಕದಲ್ಲಿ ಗ್ರಾಫ್ ಹಾಳೆ ಹರಡಿಕೊಂಡು ಬಾಲ ಬರೆಯುವುದು ಕಲಿಯುತ್ತಿದ್ದೇನೆ. ನಿನ್ನೆ ಮತ್ತೆ ಒಂದು ಚೌಕ ಹೆಚ್ಚಾಯಿತು. ಯಾರಿಗೂ ಕಾಣದಂತೆ ಹಾಳೆ ಮಡಚುತ್ತಿದ್ದೆ. ಫೋನಿನೊಳಗಿಂದ ಗಿಳಿ, ಥೇಟ್ ಅಪ್ಪನ ಹಾಗೆ, ಕೆಮ್ಮಿತು.